ನಮ್ಮ ಮನೆಯ ಫೋಟೋ ಯಾರು ತೆಗೀಬೇಕು?

ಚಿಕ್ಕಬಾಣಾವರದ ಒಂದು ವಠಾರ. ಷೀಟು ಹೊದಿಸಿದ ಒಂದೇ ಕೋಣೆಯ ಮನೆ. ನಾವು ನಾಲ್ಕು ಜನ ಗೆಳೆಯರು ಅಲ್ಲಿ ಕೂತು ಒಂದು ಭಾನುವಾರ ಪೂರಾ ಫೋಟೋ ನೋಡಿದೆವು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿಯುವ ನಮ್ಮ ಗೆಳೆಯ 2024ರ ಯುಗಾದಿಯಿಂದ 2025ರ ಯುಗಾದಿಯವರೆಗೆ ತನ್ನ ಮನೆಯನ್ನೇ ಮೊಬೈಲಿನಲ್ಲಿ ತೆಗೆದ ಫೋಟೋಗಳು ಅವು. ಮುನ್ನೂರರ ಮೇಲಿದ್ದವು. ಯಾವ ಕಲಾಶಾಲೆಯ ಗೋಡೆಗೂ ಅವು ಏರುವುದಿಲ್ಲ. ಯಾವ ವಾರಪತ್ರಿಕೆಯೂ ಅವನ್ನು ಅಚ್ಚು ಹಾಕುವುದಿಲ್ಲ. ಕಥೆ ಕವಿತೆಗೆ ವಿಮರ್ಶೆ ಸರಿ, ಲೇತ್ ಕೆಲಸಗಾರನ ಮೊಬೈಲ್ ಫೋಟೋಕ್ಕೆ ಎಂಥಾ ವಿಮರ್ಶೆ ಅನ್ನುವವರು ಇದ್ದಾರೆ. ನಮ್ಮ ಬದುಕು ಎಲ್ಲೆಲ್ಲಿ ದಾಖಲಾಗುತ್ತದೋ ಅಲ್ಲೆಲ್ಲ ವಿಮರ್ಶೆ ಕಾಲಿಡಬೇಕು ಅನ್ನುವುದು ನಮ್ಮ ನಿಲುವು. ಆದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ಹಳೇ ಲೆಕ್ಕ ತೆಗೆಯಬೇಕು. ಇಷ್ಟು ಕಾಲ ನಮ್ಮವರ ಫೋಟೋ ಯಾರು ತೆಗೆದರು? ಯಾತಕ್ಕೆ ತೆಗೆದರು?

ಬ್ರಿಟಿಷರು 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ತಂದರು. ಈ ದೇಶದ ಜಾತಿ ಬುಡಕಟ್ಟುಗಳನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಮಾಡಿದ ಪುಸ್ತಕ ಅದು. 1909ರಲ್ಲಿ ಮದರಾಸಿನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ. ಈತ ಮೂಗಿನ ಉದ್ದ ಅಗಲ ಅಳೆದು ಜಾತಿಯ ಲೆಕ್ಕ ಹಾಕಿದವನು. ಈ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಎದ್ದು ಕಾಣುವುದು ಜಾತಿಯ ಹೆಸರು. ಮನುಷ್ಯನಿಗೆ ಒಂದು ಹೆಸರಿತ್ತು, ಮನೆಯಿತ್ತು, ಆ ದಿನ ಒಲೆ ಮೇಲೆ ಏನೋ ಬೇಯುತ್ತಿತ್ತು ಅನ್ನುವುದು ಆ ಕ್ಯಾಮೆರಾಕ್ಕೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಮಾದರಿ.

ಸ್ವಾತಂತ್ರ್ಯ ಬಂತು. ಕ್ಯಾಮೆರಾ ಪತ್ರಿಕೆಯವರ ಕೈಗೆ ಬಂತು. ಅವರು ಕೇರಿಗೆ ಯಾವಾಗ ಬಂದರು? ಬರ ಬಿದ್ದಾಗ ಬಂದರು, ಎಲೆಕ್ಷನ್ನಿಗೆ ಬಂದರು, ಬೆಂಕಿ ಬಿದ್ದ ಮಾರನೇ ದಿನ ಬಂದರು. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಮೇಲೆ ಕ್ಯಾಮೆರಾಗಳು ಬಂದವು. ಬರಬಾರದಿತ್ತು ಅಂತ ನಾವು ಹೇಳುವುದಿಲ್ಲ, ಬರಲೇಬೇಕಿತ್ತು. ಆದರೆ ಸುಟ್ಟ ಗೋಡೆಯ ಫೋಟೋ ಊರೂರಿಗೂ ಮುಟ್ಟಿತು. ಆ ಗೋಡೆಗೆ ಹಿಂದಿನ ಯುಗಾದಿಯಲ್ಲಿ ಯಾರು ಸುಣ್ಣ ಬಳಿದಿದ್ದರು ಅಂತ ಯಾರು ಕೇಳಿದರು? ನಾವು ಸತ್ತಾಗ ಮಾತ್ರ ಕಾಣುವವರಾದರೆ, ಬದುಕಿದ್ದೆವು ಅನ್ನುವುದಕ್ಕೆ ಸಾಕ್ಷಿ ಎಲ್ಲಿದೆ?

ಸರ್ಕಾರದ ಕ್ಯಾಮೆರಾವೂ ಒಂದಿದೆ. 2000ದಲ್ಲಿ ಶುರುವಾದ ರಾಜೀವ್ ಗಾಂಧಿ ವಸತಿ ನಿಗಮದ ಮನೆ ಸಿಕ್ಕವರಿಗೆ ಇದು ಗೊತ್ತು. ತಳಪಾಯಕ್ಕೊಂದು ಫೋಟೋ, ಲಿಂಟಲ್ಲಿಗೊಂದು, ಛಾವಣಿಗೊಂದು, ಮುಗಿದ ಮೇಲೊಂದು. ಫೋಟೋ ಏರಿದರೆ ಕಂತಿನ ದುಡ್ಡು. ಎಷ್ಟೋ ಮನೆಗಳಿಗೆ ತಾರೀಖು ಸಮೇತ ಇರುವ ಫೋಟೋ ಅಂದರೆ ಇವು ನಾಲ್ಕೇ. ಅವು ಇರುವುದೂ ಸರ್ಕಾರದ ಕಂಪ್ಯೂಟರಿನಲ್ಲಿ. ಮನೆ ಮುಗಿದಲ್ಲಿಗೆ ಸರ್ಕಾರದ ಫೋಟೋ ಮುಗಿಯಿತು. ಬದುಕು ಶುರುವಾಗುವುದೇ ಆಮೇಲೆ.

ಹಾಗಂತ ಹೊರಗಿನ ಕಣ್ಣೆಲ್ಲ ಕೆಟ್ಟ ಕಣ್ಣು ಅನ್ನುವುದು ಸುಲಭದ ಮಾತಾಗುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರನ್ನು ನೆನೆಯಲೇಬೇಕು. ದೊರೆಗಳನ್ನೂ ಮಂತ್ರಿಗಳನ್ನೂ ತೆಗೆಯಬಲ್ಲವರಾಗಿದ್ದ ಅವರು ಬೀದಿಯ ಮಕ್ಕಳನ್ನು, ಕೂಲಿಯವರನ್ನು, ಸಂತೆಗೆ ಹೋಗುವವರನ್ನು ಪ್ರೀತಿಯಿಂದ ನೋಡಿದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳಲ್ಲಿ ಬಡವರು ನಗುತ್ತಾರೆ, ಆಡುತ್ತಾರೆ, ದಣಿಯುತ್ತಾರೆ. ಅಷ್ಟರಮಟ್ಟಿಗೆ ಅದು ಮಾದರಿಯಿಂದ ಮನುಷ್ಯನ ಕಡೆಗೆ ಇಟ್ಟ ದೊಡ್ಡ ಹೆಜ್ಜೆ. ಆದರೆ ಸತ್ಯನ್ ದಾರಿಹೋಕರು. ಒಂದು ಕ್ಷಣ ನಿಂತರು, ನೋಡಿದರು, ಮುಂದೆ ಹೋದರು. ಅದೇ ಮಗು ಆಷಾಢದಲ್ಲಿ ಎಲ್ಲಿ ಮಲಗಿತು, ಮಾಗಿಯಲ್ಲಿ ಏನು ಹೊದ್ದಿತು ಅನ್ನುವುದು ದಾರಿಹೋಕರಿಗೆ ದಕ್ಕುವುದಿಲ್ಲ. ಅದು ದಕ್ಕುವುದು ಆ ಮನೆಯಲ್ಲೇ ಉಂಡು ಮಲಗುವವನಿಗೆ.

ಇನ್ನು ನಮ್ಮ ಗೆಳೆಯನ ಫೋಟೋಗಳಿಗೆ ಬರೋಣ.

ನಮ್ಮ ಹಳೆಯ ಮಹಾಕಾವ್ಯಗಳಿಗೆ ಹದಿನೆಂಟು ವರ್ಣನೆ ಇರಬೇಕು ಅಂತ ಲಕ್ಷಣ ಹೇಳಿದರು. ಋತುವರ್ಣನೆಯೂ ಅದರಲ್ಲಿ ಸೇರಿದೆ. ಮಾವು ಚಿಗುರಿತು, ಕೋಗಿಲೆ ಕೂಗಿತು, ಮೋಡ ಕಟ್ಟಿತು, ನವಿಲು ಕುಣಿಯಿತು. ಸರಿ. ಮೋಡ ಕಟ್ಟಿದಾಗ ಸೌದೆ ಒಳಗೆ ಎತ್ತಿಡೋಳು ಎಲ್ಲಿ ಹೋದಳು? ಈ ಮುನ್ನೂರು ಫೋಟೋಗಳಲ್ಲಿ ಅವಳಿದ್ದಾಳೆ. ಋತುಗಳೂ ಇವೆ. ಆದರೆ ಹೂವಿನಲ್ಲಿ ಹಕ್ಕಿಯಲ್ಲಿ ಅಲ್ಲ, ಷೀಟಿನಲ್ಲಿ, ಬಿಂದಿಗೆಯಲ್ಲಿ.

ಬೇಸಿಗೆ ಅಂದರೆ ನೀಲಿ ಡ್ರಮ್ಮು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಬರ ದೇಶಕ್ಕೆಲ್ಲ ಸುದ್ದಿಯಾಯಿತು. ಟ್ಯಾಂಕರಿಗೆ ಇಷ್ಟೇ ದರ ಅಂತ ಜಿಲ್ಲಾಡಳಿತ ನಿಗದಿ ಮಾಡಬೇಕಾಯಿತು. ಗೆಳೆಯನ ಫೋಟೋದಲ್ಲಿ ಟ್ಯಾಂಕರ್ ಇಲ್ಲ. ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ನೀರು, ಅದರೊಳಕ್ಕೆ ಬಗ್ಗಿದ ಅವರವ್ವನ ಬೆನ್ನು, ಅಷ್ಟೇ. ಬೆಂಗಳೂರಿಗೆ ನೀರು ಕೊಡಲು 1894ರಲ್ಲಿ ಕಟ್ಟಿದ ಹೆಸರಘಟ್ಟದ ಕೆರೆ ಇದೇ ರಸ್ತೆಯ ಆ ತುದಿಯಲ್ಲಿದೆ. ಚಿಕ್ಕಬಾಣಾವರಕ್ಕೂ ತನ್ನದೇ ಕೆರೆಯಿದೆ. ಎರಡು ಕೆರೆಗಳ ನಡುವೆ ಬದುಕುವವಳು ಡ್ರಮ್ಮಿನೊಳಕ್ಕೆ ತಲೆ ಹಾಕಿದ್ದಾಳೆ. ಈ ಒಂದು ಫೋಟೋ ನಮಗೆ ನಗರದ ಚರಿತ್ರೆಯನ್ನೇ ಹೇಳಿತು.

ಮಳೆಗಾಲ ಅಂದರೆ ಪಾತ್ರೆ. ಅಕ್ಟೋಬರ್ 2024ರಲ್ಲಿ ಮಳೆ ಸುರಿದು ಯಲಹಂಕದ ಅಪಾರ್ಟ್‌ಮೆಂಟುಗಳಿಗೆ ನೀರು ನುಗ್ಗಿತು. ಪತ್ರಿಕೆಗಳ ಮುಖಪುಟಕ್ಕೆ ಅದು ಬಂತು. ಅದೇ ವಾರ ಗೆಳೆಯ ತೆಗೆದ ಫೋಟೋ: ನೆಲದ ಮೇಲೆ ಆರು ಪಾತ್ರೆ. ಮುದ್ದೆ ತಪ್ಪಲೆ, ಸಾರಿನ ಪಾತ್ರೆ, ಮಗುವಿನ ಊಟದ ಡಬ್ಬಿ ಸಮೇತ. ಪಾತ್ರೆಗಳ ನಡುವೆ ಉಳಿದ ಒಣ ಜಾಗದಲ್ಲಿ ಮಗು ಕಾಲು ಮಡಚಿಕೊಂಡು ಮಲಗಿದೆ. ಇದನ್ನು ನೋಡಿ ಅಯ್ಯೋ ಅನ್ನಬೇಕಾಗಿಲ್ಲ. ಯಾವ ಪಾತ್ರೆ ಎಲ್ಲಿಡಬೇಕು ಅನ್ನುವುದು ಆ ಮನೆಯವರಿಗೆ ಬಾಯಿಪಾಠ. ಷೀಟಿನ ತೂತುಗಳೆಲ್ಲ ಅವರಿಗೆ ಗುರುತು. ಆ ವಿದ್ಯೆಯೂ ಈ ಫೋಟೋದಲ್ಲಿದೆ.

ಮಾಗಿ ಬಂದರೆ ಅವರೆಕಾಯಿ. ವಠಾರದ ಹೆಂಗಸರೆಲ್ಲ ಬಾಗಿಲಲ್ಲಿ ಕೂತು ಕಾಯಿ ಸುಲಿಯುತ್ತಾರೆ, ಕಾಳು ಹಿತುಕುತ್ತಾರೆ, ಸಿಪ್ಪೆ ಗುಡ್ಡೆ ಬೀಳುತ್ತದೆ. ಇಲ್ಲಿ ನಗುವಿದೆ. ಹಿಂದೆ ಹಳಿಯ ಮೇಲೆ ಹಾಸನದ ಕಡೆಯ ರೈಲು ಮಸುಕಾಗಿ ಕಾಣುತ್ತದೆ. ಕುಣಿಗಲ್ ಮೇಲಿನ ಆ ದಾರಿ ಪೂರ್ತಿಯಾದದ್ದು 2017ರಲ್ಲಿ. ಬಡವರ ಮನೆ ಅಂದರೆ ಗೋಳು ಮಾತ್ರ ತೋರಿಸಬೇಕು ಅನ್ನುವ ನಮ್ಮ ಕೆಲವು ಗೆಳೆಯರ ನಿಯಮಕ್ಕೆ ಈ ಅವರೆಕಾಯಿ ಫೋಟೋ ಒಳ್ಳೆ ಉತ್ತರ. ಗೋಳನ್ನಷ್ಟೇ ತೋರಿಸುವುದು ಥರ್ಸ್ಟನ್ನನ ಇನ್ನೊಂದು ರೂಪ. ಅದೂ ಮಾದರಿಯೇ.

ಈ ಫೋಟೋಗಳ ರೂಪದ ಬಗ್ಗೆ ಒಂದು ಮಾತು. ಒಂದರಲ್ಲೂ ಮನುಷ್ಯ ಪೂರ್ತಿ ಇಲ್ಲ. ಅರ್ಧ ಮುಖ, ಒಂದು ಭುಜ, ಎರಡು ಕೈ. ಮೊದಲು ನಾವು ಇದನ್ನು ಕೈ ಪಳಗದ ತಪ್ಪು ಅಂದುಕೊಂಡೆವು. ಕೇಳಿದರೆ ಅವನೆಂದ: “ಹಿಂದಕ್ಕೆ ಸರಿಯೋಣ ಅಂದ್ರೆ ಗೋಡೆ ಬೆನ್ನಿಗೆ ತಗುಲ್ತದೆ ಕಣಣ್ಣ.” ಹತ್ತಡಿ ಕೋಣೆಯಲ್ಲಿ ಪೂರ್ತಿ ಮನುಷ್ಯನನ್ನು ತೆಗೆಯಲು ಜಾಗವಿಲ್ಲ. ಹೊರಗಿನಿಂದ ಬಂದವನು ಬಾಗಿಲಲ್ಲಿ ನಿಂತು ಇಡೀ ಮನೆ ತೆಗೆಯಬಲ್ಲ. ಒಳಗಿದ್ದವನಿಗೆ ಅದು ಆಗುವುದಿಲ್ಲ. ಹಾಗಾದರೆ ಯಾವುದು ಪೂರ್ಣ, ಯಾವುದು ಅರೆಬರೆ? ಸೌಂದರ್ಯ ಶಾಸ್ತ್ರದ ಪಂಡಿತರು ಈ ಗೋಡೆಗೆ ಒಂದು ಸಲ ಬೆನ್ನು ಕೊಟ್ಟು ನಿಂತು ಉತ್ತರ ಹೇಳಲಿ.

ಹೊಗಳಿಕೆ ಇಷ್ಟಕ್ಕೆ ಸಾಕು. ಈಗ ಕೊರತೆ.

ಮುನ್ನೂರು ಫೋಟೋಗಳಲ್ಲಿ ಏನಿಲ್ಲ ಅಂತ ನಾವು ಹುಡುಕಿದೆವು. ಅವರವ್ವ ಅಪಾರ್ಟ್‌ಮೆಂಟೊಂದರಲ್ಲಿ ಕಸ ಗುಡಿಸಲು ಹೋಗುತ್ತಾರೆ. ಆ ಕೆಲಸದ ಕೋಟು ಹಾಕಿಕೊಂಡ ಒಂದು ಫೋಟೋವೂ ಇಲ್ಲ. ಬೇಸಿಗೆಯಲ್ಲಿ ಬಾಡಿನ ಖಂಡ ಒಣಹಾಕುವ ದಾರ ಇಲ್ಲ. ಏಪ್ರಿಲ್ 14 ಇಲ್ಲ. ಗೋಡೆಯ ಮೇಲೆ ಬಾಬಾಸಾಹೇಬರ ಪಟ ಇಲ್ಲ. ಯಾಕಪ್ಪಾ ಅಂದೆವು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮಂಚದ ಕೆಳಗಿನ ಟ್ರಂಕು ಎಳೆದ. ಬಟ್ಟೆಯ ಅಡಿಯಲ್ಲಿ ಬಾಬಾಸಾಹೇಬರ ಪಟ ಇತ್ತು. “ಬಾಡಿಗೆ ಮನೆ ಹಿಡಿಯೋವಾಗ ಜಾತಿ ಹೇಳಿಲ್ಲ. ಮಕ್ಳು ಫೋನ್ ಹಿಡ್ಕೊಂಡು ಮೇಲ್ಗಡೆ ಓನರ್ ಮನೇಗೆ ಹೋಗ್ತವೆ. ಅಲ್ಲಿ ತೋರಿಸಿಬಿಟ್ರೆ?”

ತೆಗೆದಿರಲಿಲ್ಲ ಅಂತಲ್ಲ. ತೆಗೆದು ಅಳಿಸಿದ್ದ.

ನಾವು ಅವತ್ತು ಮಾತಾಡದೆ ಕೂತೆವು. ಸ್ವಂತ ಕೈ, ಸ್ವಂತ ಮೊಬೈಲು, ಸ್ವಂತ ಮನೆಯವರು. ಆದರೂ ಯಾವುದನ್ನು ತೆಗೆಯಬೇಕು, ಯಾವುದನ್ನು ಅಳಿಸಬೇಕು ಅಂತ ತೀರ್ಮಾನ ಮಾಡುತ್ತಿರುವುದು ಮೇಲ್ಗಡೆ ಮನೆಯ ಜಾತಿ. 2020ರ ಗೋಹತ್ಯೆ ನಿಷೇಧ ಕಾನೂನು ಬಂದ ಮೇಲಂತೂ ಉಣ್ಣುವ ತಟ್ಟೆಯ ಫೋಟೋಕ್ಕೂ ಭಯ ಹತ್ತಿದೆ. ಮೊಬೈಲು ಎಲ್ಲರ ಕೈಗೂ ಬಂತು, ಆದ್ದರಿಂದ ಎಲ್ಲರೂ ಸಮಾನರಾಗಿ ದಾಖಲಾಗುತ್ತಿದ್ದಾರೆ ಅನ್ನುವವರಿಗೆ ಈ ಟ್ರಂಕು ತೋರಿಸಬೇಕು. ಯಂತ್ರ ಅಗ್ಗವಾಯಿತು, ನಿರ್ಭಯ ಅಗ್ಗವಾಗಲಿಲ್ಲ.

ಗೆಳೆಯನ ಭಯವನ್ನು ನಾವು ಹಳಿಯುವುದಿಲ್ಲ. ಮನೆ ಬಿಡು ಅಂದರೆ ರಾತ್ರೋರಾತ್ರಿ ಎಲ್ಲಿಗೆ ಹೋಗಬೇಕು? ಆದರೆ ಅಳಿಸುವುದೂ ಉತ್ತರವಲ್ಲ.

ತಮಿಳುನಾಡಿನ ಎಂ. ಪಳನಿಕುಮಾರ್ ಅವರ ಕೆಲಸವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಮದುರೆಯಲ್ಲಿ ಮೀನು ಮಾರಿ ಸಂಸಾರ ಸಾಕಿದ ತಾಯಿಯ ಮಗ. ಮಲದ ಗುಂಡಿಗಳಲ್ಲಿ ಸಾಯುವವರ ಬಗ್ಗೆ 2017ರಲ್ಲಿ ಬಂದ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವರು. ಅವರು ತಮ್ಮ ತಾಯಿಯನ್ನೂ ತೆಗೆದರು. ಬೆಳಗಿನ ಜಾವ ಮಾರುಕಟ್ಟೆಗೆ ಹೋಗುವುದನ್ನು, ಮೀನು ಮಾರುವುದನ್ನು ತೆಗೆದರು. ಕೆಲಸವನ್ನು ಬಚ್ಚಿಟ್ಟು ತಾಯಿಯನ್ನು ತೋರಿಸಲಿಲ್ಲ. ಮೀನಿನ ಬುಟ್ಟಿಯ ಸಮೇತ ತಾಯಿ. ಅಷ್ಟೇ ಅಲ್ಲ, ಪೌರಕಾರ್ಮಿಕರ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಕಲಿಸಿದರು. ನಾಚಿಕೆ ನಮ್ಮದಲ್ಲ, ಅದನ್ನು ನಮ್ಮ ಮೇಲೆ ಹೇರಿದವರದು ಅನ್ನುವುದು ಭಾಷಣದಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಮನೆಯ ಫೋಟೋದಲ್ಲಿ ಹೇಳುವುದಕ್ಕೆ ಎದೆ ಬೇಕು.

ಬಾಬಾಸಾಹೇಬರದೇ ಒಂದು ಫೋಟೋ ಇದೆ. 1934ರಲ್ಲಿ ಮುಂಬಯಿಯ ರಾಜಗೃಹದಲ್ಲಿ ತೆಗೆದದ್ದು. ರಮಾಬಾಯಿ, ಮಗ ಯಶವಂತ, ಅತ್ತಿಗೆ, ಅಣ್ಣನ ಮಗ, ಜೊತೆಗೊಂದು ನಾಯಿ. ಮುಂದಿನ ವರ್ಷ ಮೇ ತಿಂಗಳಲ್ಲಿ ರಮಾಬಾಯಿ ತೀರಿಕೊಂಡರು. ನಮ್ಮ ಮನೆಗಳಲ್ಲಿ ಸೂಟು ತೊಟ್ಟು ಪುಸ್ತಕ ಹಿಡಿದ ಬಾಬಾಸಾಹೇಬರಿದ್ದಾರೆ. ಈ ಮನೆಮಂದಿಯ ಫೋಟೋವೂ ಅದರ ಪಕ್ಕದಲ್ಲಿರಬೇಕು. ಸಂವಿಧಾನ ಬರೆದ ಕೈಗೂ ಒಂದು ಮನೆ ಇತ್ತು, ಆ ಮನೆ ಜನರಿಂದ ತುಂಬಿತ್ತು ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ಗೆಳೆಯನಿಗೆ ನಮ್ಮ ಇನ್ನೊಂದು ತಕರಾರಿದೆ. ಎಲ್ಲ ಫೋಟೋದಲ್ಲೂ ಹೆಂಡತಿ ದುಡಿಯುತ್ತಿದ್ದಾಳೆ, ಇವನು ನೋಡುತ್ತಿದ್ದಾನೆ. ಗಾರ್ಮೆಂಟಿನಿಂದ ಬಂದು ಒಲೆ ಮುಂದೆ ನಿಂತವಳನ್ನು ತೆಗೆಯುವ ಮುಂಚೆ ಒಂದು ಸಲವಾದರೂ ಕೇಳಿದ್ದೆಯೇನಪ್ಪಾ ಅಂದೆವು. ನಕ್ಕ. ಒಂದೇ ಒಂದು ಫೋಟೋ ಅವಳು ತೆಗೆದದ್ದು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಮಟಮಟ ಮಧ್ಯಾಹ್ನ ಕಾದ ಷೀಟಿನ ಕೆಳಗೆ ಒದ್ದೆ ಟವಲು ಹೊದ್ದು ಬಾಯಿ ತೆರೆದು ಮಲಗಿದ್ದಾನೆ. ಅವನಿಗೆ ಗೊತ್ತಿಲ್ಲದೆ ತೆಗೆದದ್ದು. ಇಡೀ ಸಂಗ್ರಹದಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇದೇ. ಕಾರ್ಖಾನೆ ಅವನ ಮೈಯಿಂದ ಏನು ತಗೊಳ್ಳುತ್ತದೆ ಅನ್ನುವುದು ಅವನಿಗೆ ಕಾಣದು, ಅವಳಿಗೆ ಕಾಣುತ್ತದೆ. ಮೊಬೈಲು ಮನೆಯಲ್ಲಿ ಕೈಯಿಂದ ಕೈಗೆ ಹೋಗಬೇಕು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ವಿದ್ಯಾರ್ಥಿಗಳಿಗೆ, ಸಂಘದ ಗೆಳೆಯರಿಗೆ ನಾವು ಹೇಳುವುದಿಷ್ಟು. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಂಡು ಮನೆಯ ಒಂದೇ ಮೂಲೆಯನ್ನು ವರ್ಷಪೂರ್ತಿ ತೆಗೆಯಿರಿ. ಒಲೆ, ನೀರಿನ ಜಾಗ, ಸೂರು, ಯಾವುದಾದರೂ ಸರಿ. ಹಬ್ಬದ ದಿನ ಬೇಡ, ಸಾದಾ ದಿನ ತೆಗೆಯಿರಿ. ಅವ್ವನನ್ನು ಕೇಳಿ ತೆಗೆಯಿರಿ. ಅವಳ ಕೈಗೂ ಕೊಡಿರಿ. ಮೊಬೈಲನ್ನು ನಂಬಬೇಡಿ, ಬಿದ್ದರೆ ಒಡೆಯುತ್ತದೆ, ತುಂಬಿದರೆ ನಾವೇ ಅಳಿಸುತ್ತೇವೆ. ವರ್ಷಕ್ಕೆ ಹನ್ನೆರಡಾದರೂ ಕಾಗದಕ್ಕೆ ಇಳಿಸಿ, ಹಿಂದುಗಡೆ ಹೆಸರು, ಊರು, ತಾರೀಖು, ತೆಗೆದವರ ಹೆಸರು ಬರೆಯಿರಿ. ಮನೆಯಲ್ಲಿ ಇಡಲು ಆಗದ ಫೋಟೋ ಇದ್ದರೆ ಅಳಿಸಬೇಡಿ. ನಂಬಿಕೆಯ ಗೆಳೆಯರ ಹತ್ತಿರ ಇಡಿ. ತೋರಿಸುವ ಕಾಲ ಬರುವವರೆಗೆ ಕಾಯಬಹುದು. ಅಳಿಸಿದ್ದನ್ನು ಮತ್ತೆ ತೆಗೆಯಲಾಗುವುದಿಲ್ಲ.

ಸಂಜೆ ನಾವು ಹೊರಟಾಗ ಗೆಳೆಯ ಬಾಬಾಸಾಹೇಬರ ಪಟವನ್ನು ಟ್ರಂಕಿನೊಳಗೆ ಇಡುತ್ತಿದ್ದ. ಅವರವ್ವ ತಡೆದರು. “ಇರು ಮಗ, ಬಾಗ್ಲು ಹಾಕು. ಒಂದು ಫೋಟೋ ತೆಗಿ,” ಅಂದರು. ಗೂಟಕ್ಕೆ ನೇತುಹಾಕಿದ್ದ ಕೆಲಸದ ಕೋಟು ತೊಟ್ಟುಕೊಂಡು, ಪಟ ಎದೆಗಾನಿಸಿಕೊಂಡು ಗೋಡೆಗೆ ಒರಗಿ ನಿಂತರು. ಅವನು ಎದುರಿನ ಗೋಡೆಗೆ ಬೆನ್ನು ಹಚ್ಚಿ ತೆಗೆದ. ಇದನ್ನು ಅಳಿಸಬೇಡ ಅಂತ ನಾವು ಹೇಳಲಿಲ್ಲ. ಅವರವ್ವ ಹೇಳಿದರು.