‘ಕರ್ವಾಲೋ’ ಮತ್ತು ನಮ್ಮ ಮಕ್ಕಳ ಪರಿಸರ ಪಾಠ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಪ್ರಕಟವಾದದ್ದು 1980ರಲ್ಲಿ. ಹಾರುವ ಓತಿಯನ್ನು ಅರಸುವ ಸಾಹಸದ ಕತೆಯೆಂದು, ಜೀವವಿಕಾಸದ ರಹಸ್ಯವನ್ನು ಕೆಣಕುವ ಕಾದಂಬರಿಯೆಂದು ಓದುಗರು ಅದನ್ನು ಮೆಚ್ಚಿಕೊಂಡಿದ್ದಾರೆ. ಇತ್ತೀಚೆಗೆ ಮತ್ತೊಮ್ಮೆ ಓದಿದಾಗ ನಮಗೆ ಅದು ಶಿಕ್ಷಣವನ್ನು ಕುರಿತ ಕೃತಿಯಾಗಿಯೂ ಕಂಡಿತು. ಹಾಗೆ ಕಾಣಲು ಕಾರಣವಿದೆ.

ಕಳೆದ ಮಳೆಗಾಲದಲ್ಲಿ ಮುಂಬಯಿ ಉಪನಗರದ ಶಾಲೆಯೊಂದರ ಪರಿಸರ ಪ್ರದರ್ಶನಕ್ಕೆ ಹೋಗಿದ್ದೆವು. ಥರ್ಮೋಕೋಲಿನ ಕಾಡು, ಬಣ್ಣ ಬಳಿದ ನದಿ, ಅಂಗಡಿಯಿಂದ ತಂದ ಚಿತ್ರಪಟಗಳು! ಅಮೆಜಾನ್ ಕಾಡಿನ ಬಗ್ಗೆ ನಿರರ್ಗಳವಾಗಿ ಹೇಳಿದ ಹುಡುಗಿಗೆ ಶಾಲೆಯ ಗೇಟಿನ ಬಳಿಯ ಮರದ ಹೆಸರು ತಿಳಿದಿರಲಿಲ್ಲ. ಹಿಂದಿನ ವರ್ಷ ನೆಟ್ಟ ಸಸಿಗಳ ಜಾಗದಲ್ಲಿ ಬರಿಯ ಕಬ್ಬಿಣದ ಪಂಜರಗಳು ನಿಂತಿದ್ದುವು. ಕಾರಣ ಹೇಳಿದವನು ಶಾಲೆಯ ಮಾಲಿ: “ಮೇ ರಜೆಯಲ್ಲಿ ನಲ್ಲಿ ಬಂದ್, ಸಾಹೇಬರೇ.” ವೇದಿಕೆಗೆ ಅವನನ್ನು ಯಾರೂ ಕರೆದಿರಲಿಲ್ಲ.

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆಶಯ ದೊಡ್ಡದು. ಆದರೆ ಶಾಲೆಯ ಬಾಗಿಲು ಹೊಕ್ಕೊಡನೆ ಅದು ಅಂಕಗಳ ಲೆಕ್ಕವಾಗಿಬಿಟ್ಟಿತು.

ಕಾದಂಬರಿಯಲ್ಲಿ ನಡೆಯುವುದೇ ಬೇರೆ. ಜೇನುತುಪ್ಪ ಕೊಳ್ಳಲು ಹೋದ ನಿರೂಪಕ, ಮಂದಣ್ಣನ ಪರಿಚಯದಿಂದ, ತನಗರಿವಿಲ್ಲದೆ ಕಾಡಿನ ಪಾಠಕ್ಕೆ ಸೇರಿಬಿಡುತ್ತಾನೆ. ಕರ್ವಾಲೋ ಓದಿದ ವಿಜ್ಞಾನಿ. ಮಂದಣ್ಣ ಕಣ್ಣುಳ್ಳ ಹಳ್ಳಿಗ. ಊರಿನವರಿಗೆ ಬೆಪ್ಪನಂತೆ ಕಾಣುವ ಅವನಲ್ಲಿ ಹುಟ್ಟು ಸಂಶೋಧಕನನ್ನು ಗುರುತಿಸಿದ್ದೇ ಕರ್ವಾಲೋರ ದೊಡ್ಡತನ. ಇಲ್ಲಿ ಯಾರೂ ಯಾರಿಗೂ ಪಾಠ ಒಪ್ಪಿಸುವುದಿಲ್ಲ. ಓತಿ ಇದೆಯೇ, ಇಲ್ಲವೇ ಎಂಬ ಪ್ರಶ್ನೆ ಎಲ್ಲರಿಗೂ ನಿಜವಾದದ್ದು. ಆದ್ದರಿಂದಲೇ ಎಲ್ಲರೂ ಕಲಿಯುತ್ತಾರೆ. ಕೊನೆಗೆ ಕಂಡ ಓತಿಯೂ ಕೈಗೆ ಸಿಗದೆ ಪ್ರಪಾತದತ್ತ ತೇಲಿಹೋಗುತ್ತದೆ. ನಮ್ಮ ಪರೀಕ್ಷಕರಾದರೆ ಈ ‘ಪ್ರಾಜೆಕ್ಟಿ’ಗೆ ಸೊನ್ನೆ ಕೊಡುತ್ತಿದ್ದರೇನೋ! ಆದರೆ ಬರಿಗೈಯಲ್ಲಿ ಮರಳುವವರು ಹೋದಾಗಿನ ಮನುಷ್ಯರಾಗಿ ಉಳಿದಿಲ್ಲ.

ಮೆಚ್ಚುಗೆಯ ಜೊತೆಗೆ ನಮ್ಮ ಎರಡು ತಕರಾರುಗಳನ್ನೂ ಹೇಳಬೇಕು. ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ಹೆಂಗಸರಿಗೆ ಸ್ಥಳವಿಲ್ಲ; ಕಾಡಿನ ಬೆರಗು ಗಂಡಸರ ಸೊತ್ತೆಂಬಂತೆ ಕತೆ ಸಾಗುತ್ತದೆ. ಎರಡನೆಯದು, ಹುಡುಕುವುದರಲ್ಲಿ ರೋಮಾಂಚನವಿದೆ, ಉಳಿಸಿಕೊಳ್ಳುವುದರಲ್ಲಿ ಬೇಸರದ ದುಡಿಮೆಯಿದೆ. ನೀರು ಹೊರುವ, ಬೇಲಿ ಕಟ್ಟುವ, ವರ್ಷಗಟ್ಟಲೆ ಕಾಯುವ ಆ ದುಡಿಮೆಯತ್ತ ಕಾದಂಬರಿ ಹೆಚ್ಚು ಹೊರಳುವುದಿಲ್ಲ.

ಆ ಪಾಠಕ್ಕೆ ಮುಂಬಯಿಯಲ್ಲೇ ಒಂದು ಪಠ್ಯವಿದೆ. ಧಾರಾವಿಗೆ ತಾಗಿದಂತೆ, ಮಿಠಿ ನದಿಯ ದಡದಲ್ಲಿ, ಹಿಂದೆ ನಗರದ ಕಸ ಸುರಿಯುತ್ತಿದ್ದ 37 ಎಕರೆ ನೆಲ 1994ರಲ್ಲಿ ಮಹಾರಾಷ್ಟ್ರ ನಿಸರ್ಗ ಉದ್ಯಾನವಾಗಿ ತೆರೆಯಿತು. ಕಸದ ಮೇಲೆ ಮಣ್ಣು, ಮಣ್ಣಿನಲ್ಲಿ ಮರ, ಮರಕ್ಕೆ ಹಕ್ಕಿ, ಚಿಟ್ಟೆ. ಇದು ಒಂದು ದಿನದ ಸಮಾರಂಭದಿಂದ ಆದದ್ದಲ್ಲ.

ನಮ್ಮ ಶಾಲೆಗಳು ಒಂದೊಂದು ತರಗತಿಗೆ ಒಂದೇ ಸಸಿಯನ್ನು ಮೂರು ವರ್ಷ ಒಪ್ಪಿಸಲಿ. ಬದುಕಿದರೆ ಸಂತೋಷ, ಸತ್ತರೆ ಏಕೆ ಸತ್ತಿತೆಂದು ಮಕ್ಕಳೇ ಕಂಡುಹಿಡಿಯಲಿ. ಉಪ್ಪು ಮಣ್ಣೇ, ಮೇಕೆಯೇ, ಮುಚ್ಚಿದ ನಲ್ಲಿಯೇ? ಉತ್ತರಕ್ಕಾಗಿ ಅವರು ಮಾಲಿಯ ಬಳಿಗೆ ಹೋದ ದಿನ ಪರಿಸರ ಪಾಠ ಆರಂಭವಾದಂತೆ. ನಮ್ಮ ಶಾಲೆಗಳಲ್ಲಿ ಮಂದಣ್ಣನಿಲ್ಲವೆಂದಲ್ಲ. ಅವನನ್ನು ಗುರುತಿಸುವ ಕರ್ವಾಲೋ ಇಲ್ಲ.