ಪಾದ್ರಿ ಎಳೆದ ಗೆರೆ

ಅಂಚಿನಲ್ಲಿ ಪೆನ್ಸಿಲ್ ಗೀಚಿದ್ದರೆ ಪುಸ್ತಕಕ್ಕೆ ಅರ್ಧ ಬೆಲೆ ಎಂಬುದು ರದ್ದಿ ಅಂಗಡಿಯವರ ಲೆಕ್ಕ. ನನ್ನದು ಅದರ ಉಲ್ಟಾ. ಮುಖ ನೋಡದ ಓದುಗನೊಬ್ಬ ಸಿಟ್ಟಿನಿಂದಲೋ ಸಂತೋಷದಿಂದಲೋ ಗುರುತು ಹಾಕಿದ ಪ್ರತಿ ಸಿಕ್ಕರೆ ಹತ್ತು ರೂಪಾಯಿ ಹೆಚ್ಚೇ ಕೊಡುತ್ತೇನೆ. ಈ ವಾರದ ಪುಸ್ತಕವನ್ನು ಕೊಂಡದ್ದೂ ಅಂಥದೇ ಒಂದು ಗುರುತಿನ ಆಸೆಗೆ. ಒಂದು ಇಸವಿಯ ಕೆಳಗೆ ಎರಡು ಗೆರೆ, ಪಕ್ಕದಲ್ಲಿ ಕುಡುಗೋಲಿನಂಥ ಪ್ರಶ್ನೆಚಿಹ್ನೆ. ಇಸವಿ 1160. ಪೆನ್ಸಿಲನ್ನು ಎಷ್ಟು ಒತ್ತಿದ್ದಾರೆಂದರೆ ಹಾಳೆಯ ಹಿಂಬದಿಯಲ್ಲೂ ಗೆರೆ ಉಬ್ಬಿ ನಿಂತಿದೆ, ಬೆರಳಾಡಿಸಿದರೆ ತಾಕುತ್ತದೆ.

ಪುಸ್ತಕ ಎಡ್ವರ್ಡ್ ಪಿ. ರೈಸ್ ಬರೆದ ‘ಎ ಹಿಸ್ಟರಿ ಆಫ್ ಕೆನರೀಸ್ ಲಿಟರೇಚರ್’. ‘ಹೆರಿಟೇಜ್ ಆಫ್ ಇಂಡಿಯಾ’ ಮಾಲಿಕೆಯದು, 1921ರ ಎರಡನೆಯ ಆವೃತ್ತಿ. ಅಂಗಿಯ ಜೇಬಿಗೆ ಹಿಡಿಯದು, ಜುಬ್ಬಾದ ಜೇಬಿಗೆ ಹಿಡಿಯುತ್ತದೆ. ಬಟ್ಟೆಯ ರಟ್ಟು ಬಣ್ಣ ಕಳೆದುಕೊಂಡು ಹಳೆ ಗೋಣಿಚೀಲದಂತಾಗಿದೆ, ಬೆನ್ನಿನ ಮೇಲೆ ಹೆಸರು ಅಳಿಸಿದೆ, ಮೊದಲ ಹತ್ತು ಹಾಳೆಗಳಲ್ಲಿ ಹುಳ ಒಂದೇ ದಾರಿ ಹಿಡಿದು ಹೋದ ತೂತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಹಳೆ ಪುಸ್ತಕದ ರಾಶಿಯ ತಳದಲ್ಲಿ ಸಿಕ್ಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ಓಡುವ ಗಡಿಬಿಡಿಯಲ್ಲಿ ಅದೇ ರಸ್ತೆಯ ಒಂದು ಇಗರ್ಜಿಯ ಮುಂದೆ ಹಾದುಹೋದೆ, ತಲೆಯೆತ್ತಿ ನೋಡಲಿಲ್ಲ. ಅದು ರೈಸ್ ಮೆಮೋರಿಯಲ್ ಚರ್ಚು. ಕಂಕುಳಲ್ಲಿದ್ದ ಪುಸ್ತಕ ಬರೆದವನ ಅಪ್ಪನ ನೆನಪಿಗೆ ಇಟ್ಟ ಹೆಸರು. ಊರಿಗೆ ಬಂದು ಪುಟ ತಿರುವುವಾಗ ತಿಳಿದು, ಛೇ ಅಂದುಕೊಂಡೆ.

ಅಪ್ಪ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. 1837ರಲ್ಲಿ ಬೆಂಗಳೂರಿಗೆ ಬಂದವರು 1887ರಲ್ಲಿ ಅಲ್ಲಿಯೇ ಮಣ್ಣಾದರು. ನಡುವಿನ ಐವತ್ತು ವರ್ಷದಲ್ಲಿ ಬೋಧನೆ, ಶಾಲೆ, ಪಠ್ಯಪುಸ್ತಕ, ಕನ್ನಡ ಬೈಬಲನ್ನು ತಿದ್ದುವ ಕೆಲಸ. ಅವರ ಹೆಂಡತಿ 1840ರ ಸುಮಾರಿಗೆ ಇನ್ನೊಬ್ಬ ಮಿಷನರಿಯ ಹೆಂಡತಿಯ ಜೊತೆ ಸೇರಿ ಕನ್ನಡದ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಒಬ್ಬ ಮಗ ಬಿ. ಎಲ್. ರೈಸ್ ಶಾಲೆಯ ಮುಖ್ಯಸ್ಥನಾಗಿ ಶುರುಮಾಡಿ ಕೊನೆಗೆ ಶಾಸನಗಳ ರೈಸ್ ಆದದ್ದು ಎಲ್ಲರಿಗೂ ಗೊತ್ತು. ಪಂಪಭಾರತ 1898ರಲ್ಲಿ ಅಚ್ಚಾದದ್ದು ಆತನ ಕೈಯಿಂದ. ಇನ್ನೊಬ್ಬ ಮಗ ಎಡ್ವರ್ಡ್ ಅಪ್ಪನ ದಾರಿಯನ್ನೇ ಹಿಡಿದು ಪಾದ್ರಿಯಾದ, ಅಪ್ಪನ ಜೀವನಚರಿತ್ರೆಯನ್ನೂ ಬರೆದ. ನಿವೃತ್ತ ಮಿಷನರಿ ಎಂಬ ಬಿರುದಿನೊಂದಿಗೆ ಈ ಚಿಕ್ಕ ಪುಸ್ತಕವನ್ನೂ ಬರೆದ. ಅಣ್ಣನ ನೆರಳು ದೊಡ್ಡದು. ತಮ್ಮನ ಹೆಸರು ಹೇಳಿದರೆ ಕಾಲೇಜಿನವರೂ ‘ಯಾವ ರೈಸ್?’ ಅನ್ನುತ್ತಾರೆ.

ಕನ್ನಡ ಸಾಹಿತ್ಯದ ಕಥೆ ಹೇಳಿದ ಮೊದಲ ಪಾದ್ರಿ ಈತನೇನಲ್ಲ. ಬಾಸೆಲ್ ಮಿಷನ್ನಿನ ವೈಗ್ಲೆ 1848ರಷ್ಟು ಹಿಂದೆಯೇ ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧ ಬರೆದಿದ್ದ. ಕಿಟೆಲ್ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಪ್ರಕಟಿಸಿದಾಗ ಮುಂದೆ ಒಂದು ಸಾಹಿತ್ಯ ಚರಿತ್ರೆಯನ್ನೇ ಜೋಡಿಸಿದ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಬಂದದ್ದು 1907ರಲ್ಲಿ, ಅದಿಲ್ಲದೆ ಎಡ್ವರ್ಡ್ ಒಂದು ಅಧ್ಯಾಯವನ್ನೂ ದಾಟಲಾರ, ಆ ಋಣವನ್ನು ಆತನೇನೂ ಮುಚ್ಚಿಡುವುದಿಲ್ಲ. ಆದರೂ ನನಗೆ ಈ ಸಣ್ಣ ಪುಸ್ತಕವೇ ಹೆಚ್ಚು ಇಷ್ಟ. ಕವಿಚರಿತೆ ಉಗ್ರಾಣ, ಬೇಕಾದದ್ದನ್ನು ಹುಡುಕಿ ತೆಗೆದುಕೊಳ್ಳಬೇಕು. ಇದು ಊಟದ ತಾಟು. ಒಂದು ಸಂಜೆಗೆ ಮುಗಿಯುತ್ತದೆ, ಬಡಿಸಿದವನ ಕೈಗುಣವೂ ಕೈದೋಷವೂ ನಾಲಿಗೆಗೆ ಹತ್ತುತ್ತವೆ.

ಕೈದೋಷ ಮೊದಲು. ಈತ ಓದಿದ್ದು ಕಣ್ಣಿನಿಂದಲ್ಲ, ಉಪದೇಶ ಮಾಡುವವನ ಕಿವಿಯಿಂದ. ಯಾವ ಕಾವ್ಯ ಕಂಡರೂ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಇದನ್ನು ಸಂತೆಯಲ್ಲಿ ನಿಂತವನಿಗೆ ಹೇಳಿದರೆ ಅವನಿಗೆ ತಿಳಿದೀತೆ, ಅವನ ಬಾಳಿಗೆ ಏನಾದರೂ ದಕ್ಕೀತೆ? ಚಂಪೂ ಕವಿಗಳು ಈ ಪರೀಕ್ಷೆಯಲ್ಲಿ ನಪಾಸು. ಮಾತನ್ನು ಪಳಗಿಸುವುದರಲ್ಲಿ ಕನ್ನಡದ ಕವಿಗಳು ಗಟ್ಟಿಗರು, ಕೇಳಲು ಬಲು ಇಂಪು, ಆದರೆ ಜಗತ್ತಿನ ಜ್ಞಾನಕ್ಕೆ ಅವರು ಸೇರಿಸಿದ್ದು ತೀರ ಕಡಿಮೆ ಎಂಬ ಅರ್ಥದ ತೀರ್ಪನ್ನು ಆತ ಸಂಕೋಚಪಡುತ್ತಲೇ ಕೊಟ್ಟುಬಿಡುತ್ತಾನೆ. ಮೊದಲ ಸಲ ಓದಿದಾಗ ಪುಸ್ತಕವನ್ನು ಮಾಡದಲ್ಲಿ ಒಗೆದು ನಾಲ್ಕು ದಿನ ಮುಟ್ಟಲಿಲ್ಲ. ಪಂಪನ ಕರ್ಣನನ್ನು ಒಮ್ಮೆ ಗಟ್ಟಿಯಾಗಿ ಓದಿಸಿಕೊಂಡಿದ್ದರೆ ಹೀಗೆ ಬರೆಯುತ್ತಿದ್ದನೇ ಎಂದು ಸಿಟ್ಟು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆದರೆ ಅದೇ ಸಂತೆಯ ಕಿವಿ ವಚನಗಳ ಹತ್ತಿರ ಬಂದಾಗ ಚುರುಕಾಗುತ್ತದೆ. ಓದುಬರಹವಿಲ್ಲದವನಿಗೂ ತಿಳಿಯುವ ಗದ್ಯ, ಚಿಕ್ಕ ಚಿಕ್ಕ ತುಂಡು, ಪ್ರತಿಯೊಂದರ ಕೊನೆಗೂ ಒಂದೊಂದು ಊರಿನ ಶಿವನ ಹೆಸರು, ಸಿರಿ ನಿಲ್ಲದು, ಬರೀ ಆಚಾರದಿಂದಲೂ ಬರೀ ಓದಿನಿಂದಲೂ ಏನೂ ಆಗದು ಎಂಬ ಮಾತು. ಇಷ್ಟನ್ನೂ ಆತ ಸರಿಯಾಗಿ ಹಿಡಿದಿದ್ದಾನೆ. ಇದು 1921 ಎಂಬುದನ್ನು ಮರೆಯಬಾರದು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾದದ್ದು 1923ಕ್ಕೆ, ‘ಶಿವಾನುಭವ’ ಪತ್ರಿಕೆ ಹೊರಟದ್ದು 1926ಕ್ಕೆ. ಮೈಸೂರಿನ ಪಂಡಿತರಲ್ಲಿ ಎಷ್ಟೋ ಜನ ವಚನವನ್ನು ಸಾಹಿತ್ಯವೆಂದು ಎಣಿಸಲು ಹಿಂದೆಮುಂದೆ ನೋಡುತ್ತಿದ್ದ ಕಾಲ. ಕೊನೆಯಲ್ಲಿ ದಾಸರ ಪದಗಳಿಗೂ ಸರ್ವಜ್ಞನಿಗೂ ಜಾಗ ಕೊಟ್ಟಿದ್ದಾನೆ. ಪಂಪನ ಮುಂದೆ ಕಿವುಡಾದವನಿಗೆ ಸರ್ವಜ್ಞ ಕೇಳಿಸಿದ. ಎರಡಕ್ಕೂ ಕಾರಣ ಒಂದೇ ಕಿವಿ.

ಇನ್ನು ಆ 1160. ಸಾಹಿತ್ಯವನ್ನು ಧರ್ಮದ ಪ್ರಕಾರ ಹೋಳು ಮಾಡಿದವರಲ್ಲಿ ಈತನೂ ಒಬ್ಬ: ಅಲ್ಲಿಯ ತನಕ ಜೈನರದು, ಅಲ್ಲಿಂದ ಮುಂದೆ ಲಿಂಗಾಯತರದು, ಆಮೇಲೆ ವೈಷ್ಣವರದು. ಪಾದ್ರಿಗೆ ಇದಕ್ಕಿಂತ ಸಹಜವಾದ ಲೆಕ್ಕ ಇನ್ನಾವುದು? ಬೆಂಗಳೂರಲ್ಲಿ ಕುಳಿತು ಓದುವವರಿಗೆ ಅದು ಕಾಲದ ಮೇಲಿನ ಗೆರೆ. ನಮ್ಮೂರು ಘಾಟಬೋರಾಳದಲ್ಲಿ ಕುಳಿತವನಿಗೆ ಅದು ನೆಲದ ಮೇಲಿನ ಗೆರೆ. ಆ ಇಸವಿ ಬಸವಣ್ಣನ ಕಲ್ಯಾಣದ್ದು, ಕಲ್ಯಾಣವೆಂದರೆ ನಮಗೆ ಜೀಪು ಹತ್ತಿ ಹೋಗುವ ಊರು. ಇತ್ತ ನಮ್ಮ ಹುಮನಾಬಾದ ತಾಲ್ಲೂಕಿನದೇ ಜಲಸಂಗ್ವಿ. ಅಲ್ಲಿಯ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ಬಳುಕಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ, ಅದೂ ಸಂಸ್ಕೃತದಲ್ಲಿ. ಬೆರಳಿನ ಗೆಣ್ಣು, ಕೈಯ ಬಳೆ, ಬರೆಯುವಾಗ ಬರುವ ಆ ಸಣ್ಣ ಓರೆ, ಎಲ್ಲವನ್ನೂ ಕಂಡರಿಸಿದ್ದಾನೆ ಪುಣ್ಯಾತ್ಮ. ಆಕೆಯನ್ನು ನೋಡಿಕೊಂಡು ಹೊರಟರೆ ಅದೇ ದಿನ ಹೊತ್ತು ಮುಳುಗುವುದರೊಳಗೆ ಕಲ್ಯಾಣವನ್ನೂ ನೋಡಿ ಮನೆ ಸೇರಬಹುದು. ಅಲ್ಲಿ ಅರಸನ ಹೊಗಳಿಕೆ, ಇಲ್ಲಿ ಅರಸನ ಭಂಡಾರಿಯಾಗಿದ್ದೂ ಅರಸನಿಗೆ ಅಂಜದ ಬಸವಣ್ಣನ ಮಾತು. ರೈಸ್ ಎಳೆದ ಗೆರೆ ಈ ಎರಡು ಊರುಗಳ ನಡುವೆ, ನಮ್ಮ ತೊಗರಿ ಹೊಲಗಳ ಮೇಲೆ ಹಾದುಹೋಗುತ್ತದೆ.

ಪೆನ್ಸಿಲಿನವರು ಪ್ರಶ್ನೆಚಿಹ್ನೆ ಹಾಕಿದ್ದು ನ್ಯಾಯವೇ. ಜನ್ನ ಜೈನ, ಆತನ ‘ಯಶೋಧರ ಚರಿತೆ’ 1209ರದು, ಗೆರೆ ದಾಟಿ ಅರ್ಧ ಶತಮಾನ. ರತ್ನಾಕರವರ್ಣಿಯಂತೂ ಹದಿನಾರನೆಯ ಶತಮಾನದವನು. ಗೆರೆಯ ಹಿಂದಕ್ಕೆ ನೋಡಿದರೆ, 1031ರ ಸುಮಾರಿಗೆ ಪಂಚತಂತ್ರ ಬರೆದ ದುರ್ಗಸಿಂಹ ಚಾಲುಕ್ಯ ಜಗದೇಕಮಲ್ಲನ ಬಳಿಯಿದ್ದ ಬ್ರಾಹ್ಮಣ. ರಂ. ಶ್ರೀ. ಮುಗಳಿಯವರು 1953ರಲ್ಲಿ ತಮ್ಮ ಚರಿತ್ರೆ ಬರೆಯುವಾಗ ಈ ಧರ್ಮದ ಹೋಳುಗಳನ್ನು ಬದಿಗೆ ಸರಿಸಿ ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಹೆಸರಿಟ್ಟದ್ದು ಇದೇ ತೊಡಕಿಗೆ. ಅದು ಮೇಲೇ, ಸಂಶಯವಿಲ್ಲ. ಆದರೆ ಬಸವಯುಗವೆಂದರೂ ಶುರುವಾಗುವುದು ಅದೇ ಕಲ್ಯಾಣದಿಂದಲೇ ಅಲ್ಲವೇ? ಗೆರೆಯ ಬಣ್ಣ ಬದಲಾಯಿತು, ಜಾಗ ಅಲ್ಲೇ ಉಳಿಯಿತು.

ಬೆಂಗಳೂರಿನವರು ಹೀಗೆ ಗೆರೆ ಎಳೆಯುತ್ತಿದ್ದಾಗ ನಾವು ಎಲ್ಲಿದ್ದೆವು? ನಿಜಾಮನ ರಾಜ್ಯದಲ್ಲಿ. ಅಣ್ಣ ರೈಸನ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೈಸೂರು, ಕೊಡಗುಗಳಿಗೆ ಮುಗಿಯಿತು. ನಮ್ಮ ಕಡೆಯ ಕಲ್ಲುಗಳನ್ನು ಓದಿ ಪಿ. ಬಿ. ದೇಸಾಯಿಯವರು ದೊಡ್ಡ ಸಂಪುಟವಾಗಿ ತಂದದ್ದು 1958ರಲ್ಲಿ. ಶಾಲೆಯೆಂದರೆ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಬಾಗಿಲಿಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ. ಬಸವಕಲ್ಯಾಣದಲ್ಲಿ ಈಗಿರುವ ಅನುಭವ ಮಂಟಪ ಎದ್ದು ನಿಂತದ್ದೂ ಆ ಅಪ್ಪಾವರ ಛಲದಿಂದ. ಮಠದಲ್ಲಿದ್ದು ಮಾಸ್ತರಿಕೆ ಮಾಡಿದ ಅವರನ್ನು ನೆನೆದಾಗಲೆಲ್ಲ ರೈಸ್ ಮನೆತನದ ಮೇಲಿನ ನನ್ನ ಸಿಟ್ಟು ಸ್ವಲ್ಪ ಮೆತ್ತಗಾಗುತ್ತದೆ. ದೇವರ ಕೆಲಸಕ್ಕೆಂದು ಹೊರಟವರು ಅಕ್ಷರದ ಕೆಲಸಕ್ಕೆ ಸಿಕ್ಕಿಬಿದ್ದರೆ ಮತ್ತೆ ಬಿಡಿಸಿಕೊಳ್ಳುವುದು ಕಷ್ಟ. ಅದು ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಸಂಜೆ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ ಕುಳಿತಿದ್ದೆ. ಪಕ್ಕದ ಮನೆಯ ಕಾಕಾ ಬಂದರು. “ಏನ್ರಿ ಮಾಸ್ತರ, ಮತ್ತ ರದ್ದಿ ತಂದ್ರೇನು?” ಅಂದರು. ಇಂಗ್ಲಿಷ್ ಪಾದ್ರಿಯೊಬ್ಬ ಬಸವಣ್ಣನ ಬಗ್ಗೆ ಬರೆದದ್ದು ಅಂದೆ. ಹತ್ತಿರ ಕೂತರು. ನಾಲ್ಕು ಸಾಲು ಕನ್ನಡ ಮಾಡಿ ಹೇಳಿದೆ. ಬರೀ ಆಚಾರದಿಂದ ಏನೂ ಆಗದು ಎಂಬಲ್ಲಿಗೆ ತಲೆದೂಗಿದರು. “ಖರೇನ ಬರ್ದಾನ. ಆದ್ರ ಇದನ್ನ ತಿಳ್ಕೊಂಡವ ಪಾದ್ರಿಯಾಗಿ ಹೆಂಗ ಉಳ್ದ?” ನನ್ನ ಹತ್ತಿರ ಉತ್ತರವಿರಲಿಲ್ಲ. ಐನೋರಿಗೂ ಇದೇ ಪ್ರಶ್ನೆ ಕೇಳಬಹುದಲ್ಲ ಕಾಕಾ, ಅಂದೆ. ನಕ್ಕು ಎಲೆಅಡಿಕೆ ಚೀಲ ಬಿಚ್ಚಿದರು.

ಸಂಗ್ರಹಿಸುವವರಿಗೆ ಎರಡು ಮಾತು. ಓದಲಷ್ಟೇ ಬೇಕಾದವರಿಗೆ 1982ರ ದೆಹಲಿಯ ಮರುಮುದ್ರಣ ಸಾಕು. ಅದರದೂ ಒಂದು ಪ್ರತಿ ನನ್ನ ಹತ್ತಿರ ಇತ್ತು. ಎರಡು ದಿನಕ್ಕೆಂದು ಒಬ್ಬ ಅಧ್ಯಾಪಕರು ಒಯ್ದು ಏಳು ವರ್ಷವಾಯಿತು. ಆಮೇಲೆ ಅವರಿಗೆ ವರ್ಗವಾಯಿತು, ಪುಸ್ತಕಕ್ಕೂ ಆಯಿತು. ಹಾಗಾಗಿ 1921ರದು ಈಗ ಹೊಸ್ತಿಲು ದಾಟುವುದಿಲ್ಲ. ಬೇಕಾದವರು ನಮ್ಮೂರಿಗೆ ಬರಲಿ, ಕಟ್ಟೆಯ ಮೇಲೆ ಕುಳಿತು ಓದಲಿ. ಚಹಾ ನನ್ನದು. ಪೆನ್ಸಿಲ್ ಮಾತ್ರ ಜೇಬಿನಲ್ಲೇ ಇರಲಿ. 1160ರ ಪಕ್ಕದಲ್ಲಿ ಇನ್ನೊಂದು ಗುರುತಿಗೆ ಜಾಗವಿಲ್ಲ.