ಜಲಗಾರರ ಮರಿಗೆ

ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲೇ ಆಗಲಿ, ಅಕ್ಕಸಾಲಿ ಅಂಗಡಿಯ ಕಸಕ್ಕೂ ಬೆಲೆಯುಂಟು. ಅರ ಉಜ್ಜುವಾಗ ಹಾರಿದ ಪುಡಿ, ಕುಲುಮೆಯ ಬೂದಿ, ಕೈ ತೊಳೆದ ನೀರಿನ ಗಸಿ, ಎಲ್ಲದರಲ್ಲೂ ಒಂದಿಷ್ಟು ಚಿನ್ನ ಅಡಗಿರುತ್ತದೆ. ಇಂಥ ದೂಳಿನಿಂದಲೂ ಹಳ್ಳದ ಮರಳಿನಿಂದಲೂ ಅದನ್ನು ಹೊರತೆಗೆಯುತ್ತಿದ್ದವರು ಜಲಗಾರರು. ಅವರ ಮರಿಗೆಯ ಮೇಲೆ ನನಗೆ ವಿಶೇಷ ಗೌರವ.

ನೋಡಲು ಅದೊಂದು ಆಳವಿಲ್ಲದ ಮರದ ಪಾತ್ರೆ, ಅಷ್ಟೇ. ಮಣ್ಣು ತುಂಬಿ, ನೀರಿನಲ್ಲಿ ಮುಳುಗಿಸಿ, ಹೆಂಟೆಗಳನ್ನು ಬೆರಳಲ್ಲಿ ಹಿಸುಕಿ, ಮೆಲ್ಲಗೆ ಓಲಾಡಿಸಬೇಕು. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ. ಬೆಣಚುಕಲ್ಲಿನ ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹಗುರಾದದ್ದು ಅಂಚು ದಾಟಿ ಹೋಗುತ್ತದೆ. ತಳದಲ್ಲಿ ಕರಿಮರಳು, ಅದರ ತುದಿಗೆ ಕೂದಲೆಳೆಯಷ್ಟು ಹಳದಿ ಗೆರೆ. ಮಣಿಕಟ್ಟಿನ ಒಂದು ಕುಲುಕು ಜೋರಾಯಿತೋ, ದಿನದ ದುಡಿಮೆ ನೀರುಪಾಲು.

1802ರಲ್ಲಿ ಕೋಲಾರ ಸೀಮೆಯಲ್ಲಿ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಚಿನ್ನ ತೋರಿಸಿದವರೂ ಹೀಗೆ ಮಣ್ಣು ತೊಳೆದ ಹಳ್ಳಿಗರೇ. ಚರಿತ್ರೆಗೆ ಸೇರಿದ್ದು ಮಾತ್ರ ವಾರನ್ ಹೆಸರು!

ನಮ್ಮ ತುಮಕೂರು ಜಿಲ್ಲೆಯೇನೂ ಬರಿಗೈಯಲ್ಲ: ಚಿಕ್ಕನಾಯಕನಹಳ್ಳಿ ಕಡೆ ಬೆಳ್ಳಾರ, ಶಿರಾ ಕಡೆ ಅಜ್ಜನಹಳ್ಳಿ, ಎರಡೂ ಚಿನ್ನದ ನೆಲವೇ. ಗಣಿಗೆ ಯಂತ್ರ, ಬಂಡವಾಳ ಎರಡೂ ಬೇಕು. ಮರಿಗೆಗೆ ಬೇಕಾದದ್ದು ನೀರು, ಕೈಹದ, ಮನೆಮಂದಿಯ ರಟ್ಟೆ. ಚಿನ್ನ ಕಾಣದ ದಿನವೂ ಅಗೆಯುವುದು, ಹೊರುವುದು, ತೊಳೆಯುವುದು ತಪ್ಪದು. ಕಂಡ ದಿನ ಪುಡಿಯನ್ನು ಪಾದರಸಕ್ಕೆ ಅಂಟಿಸಿ, ಕಾಯಿಸಿ ಬೇರ್ಪಡಿಸುತ್ತಿದ್ದರು. ಆ ಹಬೆ ವಿಷ, ಕಾಯಿಸುವವರ ಮೂಗಿಗೇ ಮೊದಲು.